ದೊಡ್ಡಿಯವರೆಗೆ ಸಿಗ್ನಲ್

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯಲ್ಲಿ ಸಮತಟ್ಟು ನೆಲ ಕಡಿಮೆ. ಬಂಡೆಗುಡ್ಡ, ಅದರ ತಪ್ಪಲಲ್ಲಿ ರಾಗಿ ಹೊಲ, ಪಕ್ಕದಲ್ಲಿ ಹಿಪ್ಪುನೇರಳೆ ತೋಟ, ಮತ್ತೆ ಗುಡ್ಡ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ವನ್ಯಜೀವಿ ವಲಯಕ್ಕೆ ಕೋಡಿಹಳ್ಳಿಯದೇ ಹೆಸರು. ದಕ್ಷಿಣಕ್ಕೆ ಇಳಿದರೆ ಕಾವೇರಿ ವನ್ಯಜೀವಿಧಾಮದ ಕಾಡು. ಜನವಸತಿಯೂ ಈ ನೆಲದಂತೆಯೇ ಚದುರಿಕೊಂಡಿದೆ. ಹಿಂದೆ ದನ ಕೂಡಲು ಕಾಡಂಚಿಗೆ ಹೋದವರು ಅಲ್ಲೇ ಮನೆ ಕಟ್ಟಿಕೊಂಡು ಬೆಳೆದ ದೊಡ್ಡಿಗಳು ತಾಲ್ಲೂಕಿನ ತುಂಬ ಇವೆ. ಕೆಲವಕ್ಕೆ ಹತ್ತು ಮನೆ, ಕೆಲವಕ್ಕೆ ಐವತ್ತು. ಇರುಳಿಗ ಬುಡಕಟ್ಟಿನವರ ವಸತಿಗಳು ಇನ್ನೂ ಒಳಗೆ. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಇಂಥ ಎಷ್ಟೋ ವಸತಿಗಳು ಬಹುಕಾಲ ಯಾವುದೋ ಒಂದು ಮುಖ್ಯ ಊರಿನ ಹೆಸರಿನೊಳಗೆ ಅಡಗಿಯೇ ಇದ್ದವು.

‘ಈ ಗ್ರಾಮಕ್ಕೆ ಮೊಬೈಲ್ ಸಂಪರ್ಕ ಇದೆ’ ಎಂದು ಪಟ್ಟಿಯೊಂದು ಹೇಳಿದರೆ ಅದನ್ನು ಹೇಗೆ ಓದಬೇಕು? ಮುಖ್ಯ ಊರಿನ ಅರಳಿಕಟ್ಟೆಯ ಹತ್ತಿರ ನಾಲ್ಕು ಕಡ್ಡಿ ಸಿಗ್ನಲ್ ಬಂದರೆ ಗ್ರಾಮಕ್ಕೆಲ್ಲ ಬಂದಂತೆ. ಗುಡ್ಡದ ಆಚೆ ಬದಿಯ ದೊಡ್ಡಿಯಲ್ಲಿ ಒಂದು ಕಡ್ಡಿಯೂ ಇರದಿರಬಹುದು. ಪಟ್ಟಿ ಸುಳ್ಳು ಹೇಳಿಲ್ಲ, ದೊಡ್ಡಿಗೆ ಫೋನೂ ಬಂದಿಲ್ಲ. ದೇಶದ ದೂರದ ಹಳ್ಳಿಗಳಿಗೆ ದೂರವಾಣಿ, ಇಂಟರ್ನೆಟ್ ಮುಟ್ಟಿಸುವ ಮಾತು ನಾಲ್ಕು ದಶಕಗಳಿಂದ ನಡೆದಿದೆ, ಹಣವೂ ಧಾರಾಳವಾಗಿ ಖರ್ಚಾಗಿದೆ. ಕೊನೆಯ ಮನೆಗಳು ಮತ್ತೆ ಮತ್ತೆ ಉಳಿದುಹೋಗುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಈ ಎಣಿಕೆಯೇ. ನಾವು ಅಳೆಯುವ ಕೋಲು ದೊಡ್ಡಿಗಿಂತ ಬಹಳ ದೊಡ್ಡದು.

ಮೊದಲೆಲ್ಲ ಫೋನ್ ಇಲ್ಲದಿದ್ದರೆ ಫೋನ್ ಇಲ್ಲ, ಅಷ್ಟೇ. ಜೀವನ ನಡೆಯುತ್ತಿತ್ತು. ಈಗ ಹಾಗಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಆ ಗುರುತು ದೂರದ ಸರ್ವರ್‌ಗೆ ಹೋಗಿ ಬರಬೇಕು, ಆಮೇಲೆ ಅಕ್ಕಿ. ನರೇಗಾ ಕೂಲಿಗೆ 2023ರ ಜನವರಿ 1ರಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ಸಹಿತ ಹಾಜರಿ ಕಡ್ಡಾಯವಾಯಿತು. ನೆಟ್‌ವರ್ಕ್ ಇಲ್ಲದ ಕಡೆ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಕಳಿಸುವ ಅವಕಾಶ ಆ್ಯಪ್‌ನಲ್ಲಿತ್ತು. ಆದರೆ ಹಾಜರಿಪಟ್ಟಿ ಇಳಿಸಿಕೊಳ್ಳಲು, ಫೋಟೊ ಮೇಲೇರಿಸಲು ಕೆಲಸದ ಮೇಲ್ವಿಚಾರಣೆಯ ಕಾಯಕಬಂಧು ಸಿಗ್ನಲ್ ಸಿಗುವ ದಿಬ್ಬ ಹುಡುಕಿಕೊಂಡು ಹೋಗಲೇಬೇಕಾಗಿತ್ತು. ಬೆಳೆ ಸಮೀಕ್ಷೆಗೆ ಆ್ಯಪ್, ಡೇರಿಗೆ ಹಾಲು ಹಾಕಿದವರ ಪ್ರೋತ್ಸಾಹಧನಕ್ಕೆ ಬ್ಯಾಂಕ್ ಖಾತೆ, ಪಹಣಿಗೆ ನಾಡಕಚೇರಿಯ ಕಂಪ್ಯೂಟರ್, ಪ್ರತಿಯೊಂದಕ್ಕೂ ಒಂದು ಒಟಿಪಿ. ‘ಸರ್ವರ್ ಇಲ್ಲ ಕಣಮ್ಮ, ನಾಳೆ ಬಾ’ ಎಂಬ ಮಾತನ್ನು ಕೇಳದ ಹಳ್ಳಿ ಹೆಂಗಸು ಈಗ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಆ ‘ನಾಳೆ’ ಅಂದರೆ ಅವಳಿಗೆ ಒಂದು ದಿನದ ಕೂಲಿ.

ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ: ನೆಟ್‌ವರ್ಕ್ ತೊಂದರೆಯಿಂದಲೋ ಬೆರಳಚ್ಚು ಹೊಂದದ್ದರಿಂದಲೋ ಯಾರಿಗೂ ಪಡಿತರ ತಪ್ಪಬಾರದು, ಬೇರೆ ರೀತಿಯಲ್ಲಿ ಗುರುತು ನೋಡಿ ಕೊಡಬೇಕು. ಈ ಸೂಚನೆಯನ್ನು ಪ್ರತಿ ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ದೊಡ್ಡ ಕನ್ನಡ ಅಕ್ಷರದಲ್ಲಿ ಅಂಟಿಸಬೇಕು ಎನ್ನುವುದು ನನ್ನ ಆಗ್ರಹ.

ರೇಷ್ಮೆಯವರ ಕಷ್ಟ ಬೇರೆ ಬಗೆಯದು. ಹುಳು ಚಂದ್ರಿಕೆಯಲ್ಲಿ ಗೂಡು ಕಟ್ಟಿದ ಮೇಲೆ ರೈತನ ಕೈಯಲ್ಲಿ ದಿನ ಕಡಿಮೆ. ಬಿಡಿಸಿ, ಮೂಟೆ ಕಟ್ಟಿ, ಚಿಟ್ಟೆ ಹೊರಬರುವ ಮೊದಲೇ ಮಾರಬೇಕು. ರಾಮನಗರದ ಗೂಡಿನ ಮಾರುಕಟ್ಟೆಗೋ ಕನಕಪುರಕ್ಕೋ ಕೊಳ್ಳೇಗಾಲಕ್ಕೋ ಎಂಬ ತೀರ್ಮಾನ ಇವತ್ತಿನ ರೇಟಿನ ಮೇಲೆ ನಿಂತಿದೆ. ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ರೀಲರ್‌ಗಳು ಮೊಬೈಲ್‌ನಲ್ಲಿ ಬೆಲೆ ಕೂಗುತ್ತಾರೆ, ಹಣ ಖಾತೆಗೆ ಬೀಳುತ್ತದೆ. ಮಾರುಕಟ್ಟೆ ಅಷ್ಟು ಮುಂದೆ ಹೋಗಿರುವಾಗ ಹುಳುಮನೆಯಲ್ಲಿ ಕೂತವನಿಗೆ ಬೆಳಗಿನ ರೇಟು ತಿಳಿಯದಿದ್ದರೆ ನಷ್ಟ ಅವನೊಬ್ಬನದೇ.

ಆಮೇಲೆ ಆನೆ. ಬನ್ನೇರುಘಟ್ಟ ಮತ್ತು ಕಾವೇರಿ ಕಾಡುಗಳ ನಡುವಿನ ಈ ಸೀಮೆಗೆ ಆನೆ ಹೊಸದಲ್ಲ. ರಾಗಿ ತೆನೆಗಟ್ಟುವ ಕಾಲಕ್ಕೆ ರಾತ್ರಿ ಹೊಲ ಕಾಯುವವರು ಇದ್ದೇ ಇರುತ್ತಾರೆ. ತಮಿಳುನಾಡಿನ ವಾಲ್ಪಾರೈನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಆನೆ ಎಲ್ಲಿದೆ ಎಂದು ಮೊಬೈಲ್ ಸಂದೇಶದಲ್ಲಿ ತಿಳಿಸುವ ವ್ಯವಸ್ಥೆ ಮಾಡಿತು. ಅದೇ ಬಗೆಯ ಕೆಲಸ ನಮ್ಮ ಹಾಸನ ಜಿಲ್ಲೆಯಲ್ಲೂ ನಡೆಯಿತು. ಜೀವ ಉಳಿಸುವ ಕೆಲಸ ಅದು. ಆದರೆ ಸಂದೇಶ ಬರಲು ಸಿಗ್ನಲ್ ಬೇಕು. ಆನೆ ತಿರುಗುವ ಜಾಗ ಮತ್ತು ಸಿಗ್ನಲ್ ಇಲ್ಲದ ಜಾಗ ಬಹುತೇಕ ಒಂದೇ. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆಯೂ ಹಾಗೆಯೇ. ಹಾವು ಕಚ್ಚಿದವರ ಮನೆಯಿಂದ ಕರೆ ಹೋದರೆ ತಾನೆ ಗಾಡಿ ಹೊರಡುವುದು.

ಸಿಗ್ನಲ್ ಯಾಕೆ ಬರುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ‘ಟವರ್ ಹಾಕಿಸಿ’ ಎಂಬ ಒಂದೇ ಬೇಡಿಕೆಯಲ್ಲಿ ಎಲ್ಲವೂ ಮುಗಿಯುವುದಿಲ್ಲ. ಮೊಬೈಲ್ ತರಂಗಗಳಲ್ಲಿ ಕೆಳ ಆವರ್ತನದವು, ಅಂದರೆ 700, 800, 900 ಮೆಗಾಹರ್ಟ್ಸ್‌ನವು, ದೂರ ಹೋಗುತ್ತವೆ, ಮರ ಗೋಡೆಗಳನ್ನು ಅಷ್ಟಿಷ್ಟು ದಾಟುತ್ತವೆ. 2,100, 2,300, 3,500ರಂಥವು ಹೆಚ್ಚು ಡೇಟಾ ಹೊರುತ್ತವೆ, ಬೇಗ ಸೋಲುತ್ತವೆ. ಪೇಟೆಯಲ್ಲಿ ಹತ್ತಿರ ಹತ್ತಿರ ಟವರ್ ಇರುವುದರಿಂದ ಎರಡನೆಯದು ಸರಿಹೊಂದುತ್ತದೆ. ಬಂಡೆಗುಡ್ಡದ ನಾಡಿನಲ್ಲಿ ಮೊದಲನೆಯದು ಬೇಕು, ಆಗಲೂ ಗುಡ್ಡದ ಮರೆಯಲ್ಲಿ ಕತ್ತಲೆಯೇ. ಟವರ್ ನಿಂತರೂ ಅದರಿಂದ ಮುಂದಕ್ಕೆ ಕರೆಯನ್ನು ಒಯ್ಯಲು ನೆಲದಡಿಯ ಫೈಬರ್ ಅಥವಾ ಇನ್ನೊಂದು ಟವರಿಗೆ ನೇರ ಕಾಣುವ ಮೈಕ್ರೋವೇವ್ ತಟ್ಟೆ ಬೇಕು. ಕರೆಂಟ್ ಬೇಕು. ಕಾಡಂಚಿನ ಲೈನ್ ಮಳೆಗಾಳಿಗೆ ಕಡಿದರೆ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಡೀಸೆಲ್ ತರುವವರಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಕರೆಂಟ್ ಹೋದರೆ ನೆಟ್‌ವರ್ಕೂ ಹೋಯಿತು ಎಂದು ಹಳ್ಳಿಯವರು ಹೇಳುವುದು ತಾಂತ್ರಿಕವಾಗಿಯೂ ಸರಿ. ಇನ್ನು ಅಜ್ಜಿಯ ಕೈಯಲ್ಲಿರುವ ಹಳೆಯ ಕೀಪ್ಯಾಡ್ ಫೋನು 2ಜಿಯದು. ಹೊಸ ಟವರ್ ಬರೀ 4ಜಿಯದಾದರೆ ಟವರ್ ಬಂದ ಮೇಲೂ ಆ ಫೋನು ಮೂಕವೇ.

ಕನ್ನಡನಾಡಿಗೆ ಈ ವಿಷಯದಲ್ಲಿ ಒಂದು ದೊಡ್ಡ ಹಿನ್ನೆಲೆ ಇದೆ, ನಾವು ಅದನ್ನು ಮರೆತಿದ್ದೇವೆ. 1984ರಲ್ಲಿ ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ, ಭಾರತದ್ದೇ ಡಿಜಿಟಲ್ ಎಕ್ಸ್‌ಚೇಂಜ್ ಎಂಬುದು ಅದರ ಗುರಿ. ದಿಲ್ಲಿಯ ಜೊತೆಗೆ ಬೆಂಗಳೂರಿನಲ್ಲೂ ಅದರ ಎಂಜಿನಿಯರುಗಳು ಕೆಲಸಕ್ಕೆ ಕೂತರು. ಅವರು ಮಾಡಿದ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಕೆಲಸ ಶುರುಮಾಡಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. 128 ಪೋರ್ಟಿನ ಸಣ್ಣ ಯಂತ್ರ. ಅದಕ್ಕೆ ಹವಾನಿಯಂತ್ರಣ ಬೇಡ. ಧೂಳು, ಸೆಕೆ, ಏರಿಳಿಯುವ ಕರೆಂಟು ಇವನ್ನೆಲ್ಲ ತಡೆದುಕೊಳ್ಳುವಂತೆಯೇ ಅದನ್ನು ರೂಪಿಸಿದ್ದರು. ಒಂದು ಕಾರ್ಡ್ ಕೆಟ್ಟರೆ ಅದನ್ನು ಎಳೆದು ಇನ್ನೊಂದನ್ನು ತುರುಕಿದರಾಯಿತು. ಆ ಕಾಲದ ವಿದೇಶಿ ಎಕ್ಸ್‌ಚೇಂಜುಗಳು ನಗರಕ್ಕೆಂದು, ತಂಪು ಕೋಣೆಗೆಂದು ಮಾಡಿದಂಥವು. ಇಲ್ಲಿ ಮೊದಲು ಹಳ್ಳಿಯನ್ನು ನೋಡಿ ಆಮೇಲೆ ಯಂತ್ರ ಮಾಡಿದರು. ಅದರ ಬೆನ್ನಿಗೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಬೂತು ನಡೆಸುವವನಿಗೆ ಪ್ರತಿ ಕರೆಯಲ್ಲೂ ಪಾಲಿತ್ತು. ಲೈನ್ ಸತ್ತರೆ ಅವನ ಹೊಟ್ಟೆಪಾಡು ಸಾಯುತ್ತಿತ್ತು, ಆದ್ದರಿಂದ ಲೈನ್‌ಮನ್‌ನ ಬೆನ್ನು ಬೀಳುವ ಒಬ್ಬ ಮನುಷ್ಯ ಬೂತು ಇದ್ದ ಪ್ರತಿ ಊರಿನಲ್ಲೂ ಇದ್ದ.

ಇದಕ್ಕೆ ವ್ಯತಿರಿಕ್ತವಾದದ್ದೂ ನಡೆಯಿತು. ತಂತಿ ಎಳೆಯಲಾಗದ ಹಳ್ಳಿಗಳಿಗೆ ರೇಡಿಯೊ ತರಂಗದ ಮೂಲಕ ಸಾರ್ವಜನಿಕ ದೂರವಾಣಿ ಕೊಡುವ ಎಂಎಆರ್‌ಆರ್ ಎಂಬ ವ್ಯವಸ್ಥೆಯನ್ನು ದೇಶದ ತುಂಬ ಹಾಕಿದರು. ಲೆಕ್ಕಕ್ಕೆ ಹಳ್ಳಿಗಳು ಸೇರುತ್ತ ಹೋದವು. ಆದರೆ ಫೋನುಗಳು ಕೆಟ್ಟು ನಿಂತವು. ಕೊನೆಗೆ 2003ರ ನಂತರ ಸರ್ಕಾರವೇ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಇಂಥ ಹಳ್ಳಿ ಫೋನುಗಳನ್ನು ಕಿತ್ತು ಬೇರೆ ತಂತ್ರಜ್ಞಾನದಲ್ಲಿ ಹೊಸದಾಗಿ ಹಾಕಿಸಬೇಕಾಯಿತು. ಹಾಕಿದ ದಿನ ಎಣಿಸಿದರು, ಆಮೇಲೆ ಅದು ಮಾತಾಡುತ್ತಿದೆಯೇ ಎಂದು ಯಾರೂ ಕಿವಿಗಿಟ್ಟು ನೋಡಲಿಲ್ಲ. ಇಂಥ ಎಷ್ಟೋ ಊರುಗಳು ಕಾಗದದ ಮೇಲೆ ಮಾತ್ರ ಫೋನ್ ಇಟ್ಟುಕೊಂಡು ಕೂತಿದ್ದವು ಎಂಬುದು ನನಗೆ ಬಹಳ ನೋವಿನ ಸಂಗತಿ.

ಹೊಸದಾಗಿ ಹಾಕಿಸಲು ಹಣ ಬಂದದ್ದು 2002ರ ಏಪ್ರಿಲ್‌ನಲ್ಲಿ ಶುರುವಾದ ಸಾರ್ವತ್ರಿಕ ಸೇವಾ ನಿಧಿಯಿಂದ. ದೂರವಾಣಿ ಕಂಪನಿಗಳು ತಮ್ಮ ಲೆಕ್ಕದ ಆದಾಯದಲ್ಲಿ ಶೇ 5ರಷ್ಟನ್ನು ಈ ಬಾಬಿಗೆ ಕೊಡುತ್ತವೆ. 2023ರ ದೂರಸಂಪರ್ಕ ಕಾಯ್ದೆಯ ಬಳಿಕ ಇದರ ಹೆಸರು ಡಿಜಿಟಲ್ ಭಾರತ್ ನಿಧಿ. ಕಂಪನಿಗಳ ಆದಾಯ ಎಂದರೆ ನಮ್ಮ ರೀಚಾರ್ಜ್. ಸಿಗ್ನಲ್‌ಗಾಗಿ ಎರಡು ಮೈಲಿ ನಡೆಯುವ ದೊಡ್ಡಿಯ ಹೆಂಗಸೂ ಈ ನಿಧಿಗೆ ತನ್ನ ಪಾಲು ತೆತ್ತಿದ್ದಾಳೆ. ಅವಳು ಕೇಳುತ್ತಿರುವುದು ತನ್ನ ದುಡ್ಡಿನದೇ ಕೆಲಸ.

ಈ ನಿಧಿಯಿಂದ ನಡೆದ ದೊಡ್ಡ ಕೆಲಸ ಭಾರತ್‌ನೆಟ್. 2011ರ ಅಕ್ಟೋಬರಿನಲ್ಲಿ ಬೇರೆ ಹೆಸರಿನಲ್ಲಿ ಒಪ್ಪಿಗೆ ಪಡೆದ ಈ ಯೋಜನೆಯ ಉದ್ದೇಶ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವುದು. ಮೊದಲ ಹಂತದ ಒಂದು ಲಕ್ಷ ಪಂಚಾಯಿತಿ 2017ರ ಕೊನೆಗೆ ಮುಗಿದವು. ಒಳ್ಳೆಯ ಕೆಲಸವೇ, ಆದರೆ ಎರಡು ಕೊರತೆ ಉಳಿದವು. ತಾಲ್ಲೂಕು ಕೇಂದ್ರದಿಂದ ಒಂದೇ ಸಾಲಾಗಿ ಫೈಬರ್ ಎಳೆದಿದ್ದರಿಂದ ನಡುವೆ ಎಲ್ಲೋ ರಸ್ತೆ ಅಗಲ ಮಾಡುವ ಜೆಸಿಬಿ ತಾಗಿದರೆ ಮುಂದಿನ ಪಂಚಾಯಿತಿಗಳೆಲ್ಲ ಒಣಗುತ್ತವೆ, ನಾಲೆ ಒಡೆದಾಗ ಕೊನೆಭಾಗದ ರೈತನ ಗದ್ದೆ ಒಣಗುವ ಹಾಗೆ. ಎರಡನೆಯದು, ಫೈಬರ್ ಪಂಚಾಯಿತಿ ಕಚೇರಿಗೆ ಬಂದು ನಿಂತಿತು. ಅಲ್ಲಿಂದ ಶಾಲೆಗೆ, ಆರೋಗ್ಯ ಉಪಕೇಂದ್ರಕ್ಕೆ, ದೊಡ್ಡಿಗೆ ಯಾರು ಒಯ್ಯಬೇಕು ಎಂಬುದು ಸ್ಪಷ್ಟವಿರಲಿಲ್ಲ. ಸರ್ಕಾರ ಇದನ್ನು ಕಂಡುಕೊಂಡಿದೆ ಎನ್ನುವುದು ಸಮಾಧಾನ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಯಲ್ಲಿ ಫೈಬರನ್ನು ಉಂಗುರವಾಗಿ ಎಳೆಯಬೇಕು, ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯಬೇಕು. ಮೂರು ವರ್ಷ ಕಟ್ಟುವುದು, ಮುಂದಿನ ಹತ್ತು ವರ್ಷ ಅದೇ ಗುತ್ತಿಗೆದಾರ ನಿರ್ವಹಿಸುವುದು. ಹತ್ತು ವರ್ಷದ ಆ ನಿರ್ವಹಣೆಯ ಷರತ್ತು ನನಗೆ ಇಡೀ ಯೋಜನೆಯಲ್ಲೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಮೊಬೈಲ್‌ಗೆ ಬಂದರೆ, 2022ರ ಜುಲೈನಲ್ಲಿ ಕೇಂದ್ರ ಸಂಪುಟ ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ಕೊಡಲು 26,316 ಕೋಟಿ ಇಟ್ಟಿತು. 2ಜಿ, 3ಜಿ ಮಾತ್ರ ಇದ್ದ 6,279 ಹಳ್ಳಿಗಳನ್ನೂ ಅದರಲ್ಲಿ ಸೇರಿಸಿತು. ಭಾಗಿಸಿ ನೋಡಿದರೆ ಹಳ್ಳಿಯೊಂದಕ್ಕೆ ಸುಮಾರು 85 ಲಕ್ಷ. ಖಾಸಗಿ ಕಂಪನಿ ಐವತ್ತು ಮನೆಗಾಗಿ ಈ ಖರ್ಚು ಮಾಡುವುದಿಲ್ಲ, ಅದನ್ನು ಬೈದು ಪ್ರಯೋಜನವಿಲ್ಲ. ಅದಕ್ಕೇ ನಿಧಿ ಇರುವುದು. ಬಿಎಸ್‌ಎನ್‌ಎಲ್‌ನ ಈ 4ಜಿ ಜಾಲ ಸ್ವದೇಶಿ. ಸಿ-ಡಾಟ್ ಮತ್ತು ಟಿಸಿಎಸ್ ಜೊತೆಗೆ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಅದರ ರೇಡಿಯೊ ಉಪಕರಣ ಮಾಡಿದೆ. ಕಿತ್ತೂರಿನಿಂದ ಶುರುವಾದ ಸಾಲಿನಲ್ಲೇ ಬಂದದ್ದು ಇದು. 2025ರ ಜನವರಿಯಲ್ಲಿ ಇನ್ನೊಂದು ವಿವೇಕದ ತೀರ್ಮಾನವಾಯಿತು: ನಿಧಿಯ ಹಣದಲ್ಲಿ ಕಟ್ಟಿದ ಟವರನ್ನು, ಒಪ್ಪಿಕೊಂಡ ಬೇರೆ ಕಂಪನಿಗಳ ಸಿಮ್ ಇದ್ದವರೂ ಬಳಸಬಹುದು. ಒಂದು ದೊಡ್ಡಿಗೆ ಮೂರು ಟವರ್ ಯಾರೂ ಕಟ್ಟಲಾರರು, ಒಂದನ್ನು ಹಂಚಿಕೊಳ್ಳಬಹುದು. ಸಂರಕ್ಷಿತ ಕಾಡಿನೊಳಗೆ ಟವರ್ ಬೇಕೆಂದರೆ ವನ್ಯಜೀವಿ ಮಂಡಳಿಯ ಅನುಮತಿ ಬೇಕು, ಅದು ಬೇಕಾದದ್ದೇ. ಕೋಡಿಹಳ್ಳಿಯಂಥ ಕಡೆ ಕಾಡಿನ ಹೊರಗಿನ ಎತ್ತರದ ಜಾಗ ಹುಡುಕಿ ಅಲ್ಲಿಂದ ಕೆಳ ಆವರ್ತನದಲ್ಲಿ ಹರಡಿದರೆ ಕಾಡಿಗೂ ತೊಂದರೆ ಕಡಿಮೆ.

ಇಷ್ಟೆಲ್ಲ ಆದರೂ ಅಂಕಿಗಳು ಇನ್ನೂ ವಾಲಿಕೊಂಡೇ ಇವೆ. 2024ರಲ್ಲಿ ನಗರಗಳಲ್ಲಿ ನೂರು ಜನಕ್ಕೆ 130ಕ್ಕೂ ಹೆಚ್ಚು ದೂರವಾಣಿ ಸಂಪರ್ಕಗಳಿದ್ದವು, ಹಳ್ಳಿಗಳಲ್ಲಿ 60ಕ್ಕಿಂತ ಕಡಿಮೆ.

ಸಂಪರ್ಕ ಬಂದ ಮೇಲೆ ಅದು ನಿಂತುಹೋದರೆ ಹೊಣೆ ಯಾರದು? ಈ ಪ್ರಶ್ನೆಯನ್ನು ಕೋಡಿಹಳ್ಳಿಯಂಥ ಹೋಬಳಿಗಳು ಗಟ್ಟಿಯಾಗಿ ಕೇಳಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಅಕ್ಟೋಬರ್ 1ರಿಂದ ಹೊಸ ಗುಣಮಟ್ಟ ನಿಯಮ ತಂದಿದೆ. ಒಂದು ಜಿಲ್ಲೆಯಲ್ಲಿ ನೆಟ್‌ವರ್ಕ್ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಂತರೆ ಕಂಪನಿ ವರದಿ ಮಾಡಬೇಕು. 24 ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್ ಗ್ರಾಹಕನಿಗೆ ಬಾಡಿಗೆಯಲ್ಲಿ ರಿಯಾಯಿತಿ, ಪ್ರೀಪೇಯ್ಡ್ ಗ್ರಾಹಕನಿಗೆ ಅವಧಿ ವಿಸ್ತರಣೆ. ಗ್ರಾಹಕನ ನಷ್ಟವನ್ನು ಕಂಪನಿ ತುಂಬಿಕೊಡಬೇಕೆಂಬ ತತ್ವ ಬಂದದ್ದೇ ದೊಡ್ಡದು, ಅದಕ್ಕಾಗಿ ಟ್ರಾಯ್‌ಗೆ ಕೃತಜ್ಞತೆ ಸಲ್ಲಬೇಕು. ಆದರೆ ಅಳತೆ ಜಿಲ್ಲೆ. 2007ರಲ್ಲಿ ರಾಮನಗರ ಎಂದು ಹುಟ್ಟಿ 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಜಿಲ್ಲೆಯಲ್ಲಿ ಬಿಡದಿಯ ಕಾರ್ಖಾನೆಗಳಿವೆ, ರಾಮನಗರ, ಚನ್ನಪಟ್ಟಣದ ಪೇಟೆಗಳಿವೆ, ಮೈಸೂರು ಹೆದ್ದಾರಿಯಿದೆ. ಅಲ್ಲೆಲ್ಲ ಫೋನ್ ನಡೆಯುತ್ತಿರುವಾಗ ಕಾಡಂಚಿನ ಒಂದು ಟವರ್ ಮೂರು ದಿನ ಸತ್ತು ಬಿದ್ದರೂ ‘ಜಿಲ್ಲೆಯಲ್ಲಿ ನೆಟ್‌ವರ್ಕ್ ನಿಂತಿದೆ’ ಎಂದಾಗುವುದಿಲ್ಲ. ವರದಿಯಿಲ್ಲ, ಪರಿಹಾರವಿಲ್ಲ. ತಮ್ಮೂರ ಟವರ್ ಮಾತ್ರ ನಿಂತಾಗ ದೂರದ ಊರಿನವರಿಗೆ ಈ ಪರಿಹಾರ ದಕ್ಕದು.

ಆದ್ದರಿಂದ ಅಳತೆಯನ್ನು ಇಳಿಸಬೇಕು. ಹೋಬಳಿಯನ್ನು ಘಟಕ ಮಾಡಿದರೆ ಒಳ್ಳೆಯದು, ಗ್ರಾಮ ಪಂಚಾಯಿತಿಯನ್ನು ಮಾಡಿದರೆ ಇನ್ನೂ ಒಳ್ಳೆಯದು. ಯಾವ ಟವರ್ ಎಷ್ಟು ಹೊತ್ತು ನಿಂತಿತ್ತು ಎಂಬುದು ಕಂಪನಿಗಳ ನಿಯಂತ್ರಣ ಕೊಠಡಿಯಲ್ಲಿ ನಿಮಿಷನಿಮಿಷಕ್ಕೂ ದಾಖಲಾಗುತ್ತದೆ. ಹೊಸ ಯಂತ್ರವೇನೂ ಬೇಡ, ಇರುವ ಲೆಕ್ಕವನ್ನು ಹೊರಗಿಡಬೇಕು ಅಷ್ಟೆ.

ಜನ ಸುಮ್ಮನಿಲ್ಲ ಎಂಬುದನ್ನು ಮಲೆನಾಡು ತೋರಿಸಿದೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆ ಸುರಿಯುವ ಮಳೆಯಲ್ಲಿ ಆನ್‌ಲೈನ್ ಪಾಠ ಕೇಳುತ್ತ ರಸ್ತೆ ಬದಿ ಕೂತ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಶಿವಮೊಗ್ಗ ಜಿಲ್ಲೆಯ ಹಿನ್ನೀರಿನ ಹಳ್ಳಿಗಳು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಚಳವಳಿ ಹೂಡಿದವು. ಬೇರೆ ದೇಶಗಳಲ್ಲಿ ಜನ ತಾವೇ ಕೈಹಾಕಿದ್ದೂ ಉಂಟು. ನೂರು ವರ್ಷದ ಹಿಂದೆ ಅಮೆರಿಕದ ರೈತರು ಹೊಲದ ಮುಳ್ಳುತಂತಿ ಬೇಲಿಯನ್ನೇ ಟೆಲಿಫೋನ್ ತಂತಿಯಾಗಿ ಬಳಸಿ ನೆರೆಹೊರೆಗೆ ಮಾತಾಡಿದರು. 2013ರಲ್ಲಿ ಮೆಕ್ಸಿಕೊದ ಒವಾಹಾಕಾ ಪ್ರಾಂತ್ಯದ ತಲೆಯಾ ಎಂಬ ಬೆಟ್ಟದ ಊರು, ಯಾವ ಕಂಪನಿಯೂ ಬಾರದಿದ್ದಾಗ, ತನ್ನದೇ ಪುಟ್ಟ ಮೊಬೈಲ್ ಜಾಲ ಕಟ್ಟಿಕೊಂಡಿತು. ನಮ್ಮಲ್ಲಿ ಮೊಬೈಲ್ ಜಾಲಕ್ಕೆ ಅಂಥ ಅನುಮತಿ ಇಲ್ಲ, ಆದರೆ ವೈಫೈಗೆ ಇದೆ. 2020ರ ಡಿಸೆಂಬರಿನಲ್ಲಿ ಬಂದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿಯವನೋ ಸ್ತ್ರೀಶಕ್ತಿ ಸಂಘವೋ ಪರವಾನಗಿ ಶುಲ್ಕವಿಲ್ಲದೆ ಇಂಟರ್ನೆಟ್ ಮಾರಬಹುದು. ಹಳೆಯ ಎಸ್‌ಟಿಡಿ ಬೂತಿನವನ ಜಾಗವನ್ನು ತುಂಬಬಲ್ಲವರು ಇವರೇ. ಪಂಚಾಯಿತಿಯ ಫೈಬರಿನಿಂದ ದೊಡ್ಡಿಯವರೆಗೆ ಸಂಪರ್ಕ ಒಯ್ದು, ಕೆಟ್ಟಾಗ ಸರಿಮಾಡಿಸುವ, ಅದರಲ್ಲೇ ನಾಲ್ಕು ಕಾಸು ಕಾಣುವ ಊರಿನವರೇ ಆದ ಒಬ್ಬರು ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ಕಂಪ್ಯೂಟರ್ ಇಟ್ಟುಕೊಂಡಿವೆ. ಮಕ್ಕಳು ಅಲ್ಲಿಗೆ ಬರುತ್ತಾರೆ. ಮೊದಲು ಅಲ್ಲಿಂದಲೇ ಶುರುಮಾಡಬಹುದು. ಉಪಗ್ರಹದ ಇಂಟರ್ನೆಟ್‌ಗೆ 2025ರಲ್ಲಿ ಸ್ಟಾರ್‌ಲಿಂಕ್‌ನಂಥ ಕಂಪನಿಗೂ ಪರವಾನಗಿ ಸಿಕ್ಕಿದೆ, ಆದರೆ ಕೂಲಿ ಮಾಡುವ ಮನೆಗೆ ಆ ತಟ್ಟೆಯ ಬೆಲೆ ದೂರದ ಮಾತು. ಒಂದು ಇರುಳಿಗರ ಕಾಲೊನಿಗೋ ಕಾಡಿನೊಳಗಿನ ಶಾಲೆಗೋ ನಿಧಿಯಿಂದ ಹಾಕಿಸಿಕೊಟ್ಟರೆ ಬೇರೆ ಮಾತು.

ಹಟ್ಟಿ, ತಾಂಡಾ, ದೊಡ್ಡಿಗಳನ್ನು ಹುಡುಕಿ ಕಂದಾಯ ಗ್ರಾಮಗಳೆಂದು ಘೋಷಿಸುವ, ಅಲ್ಲಿನವರಿಗೆ ಹಕ್ಕುಪತ್ರ ಕೊಡುವ ಕೆಲಸವನ್ನು ರಾಜ್ಯದ ಕಂದಾಯ ಇಲಾಖೆ ಮಾಡುತ್ತ ಬಂದಿದೆ. ಅಂದರೆ ದೊಡ್ಡಿಗಳ ಪಟ್ಟಿ ಸರ್ಕಾರದ ಬಳಿಯೇ ಇದೆ. ಇತ್ತ ಟ್ರಾಯ್ ಆದೇಶದಂತೆ 2025ರಿಂದ ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕಾಗಿದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ದಿಲ್ಲಿಯಿಂದ ಯಾರೂ ಬರಬೇಕಿಲ್ಲ. ಪಿಡಿಒ ಪಂಚಾಯಿತಿ ಕಚೇರಿಯ ಕಂಪ್ಯೂಟರಿನಲ್ಲಿ ನಕ್ಷೆ ತೆರೆಯಲಿ, ಬಿಲ್ ಕಲೆಕ್ಟರ್ ಮತ್ತು ವಾಟರ್‌ಮನ್ ಒಂದೊಂದು ದೊಡ್ಡಿಯಲ್ಲೂ ನಿಂತು ಯಾವ ಕಂಪನಿಯದು ಎಷ್ಟು ಕಡ್ಡಿ, ಕರೆ ಹೋಗುತ್ತದೆಯೇ, ಕರೆಂಟ್ ಹೋದಾಗ ಎಷ್ಟು ಹೊತ್ತು ಉಳಿಯುತ್ತದೆ ಎಂದು ಬರೆದು ತರಲಿ. ನಕ್ಷೆಯಲ್ಲಿ ಬಣ್ಣವಿದ್ದು ನೆಲದಲ್ಲಿ ಸಿಗ್ನಲ್ ಇಲ್ಲದ ದೊಡ್ಡಿಗಳ ಹೆಸರು ಗ್ರಾಮಸಭೆಯ ನಿರ್ಣಯವಾಗಿ ಜಿಲ್ಲಾಧಿಕಾರಿಗೂ ದೂರಸಂಪರ್ಕ ಇಲಾಖೆಗೂ ಟ್ರಾಯ್‌ನ ಬೆಂಗಳೂರು ಕಚೇರಿಗೂ ಹೋಗಲಿ. ರಾಗಿ ತೆನೆಗಟ್ಟುವ ಮೊದಲೇ ಈ ಕೆಲಸ ಮುಗಿದರೆ, ಈ ವರ್ಷ ರಾತ್ರಿ ಕಾವಲಿಗೆ ಹೋಗುವವರಿಗೆ ಕರೆ ಎಲ್ಲಿಂದ ಹೋಗುತ್ತದೆ, ಎಲ್ಲಿಂದ ಹೋಗುವುದಿಲ್ಲ ಎಂಬುದಾದರೂ ಮೊದಲೇ ಗೊತ್ತಿರುತ್ತದೆ.